ಸೌಕಾರ್‌ಪೇಟೆಯ ಸುತ್ತಮುತ್ತ, ರಕ್ತದ ಬಗ್ಗೆ

1
ಚೆನ್ನೈಯ ಸೌಕಾರ್‌ಪೇಟೆ, ಮಿಂಟ್ ಸ್ಟ್ರೀಟ್. ಸೀರೆ, ಪಾತ್ರೆ, ಜಿಲೇಬಿ. ಇಲ್ಲಿಂದ ಸೆಂಟ್ರಲ್ ರೈಲು ನಿಲ್ದಾಣದ ಎದುರಿನ ಜನರಲ್ ಆಸ್ಪತ್ರೆಗೆ ನಡೆದೇ ಹೋಗಬಹುದು. ಪಕ್ಕದಲ್ಲೇ ಮದ್ರಾಸ್ ಮೆಡಿಕಲ್ ಕಾಲೇಜು, 1835ರದು.

2
ಮದ್ದುಗಳ ವಿಜ್ಞಾನಿ ಯಲ್ಲಾಪ್ರಗಡ ಸುಬ್ಬರಾವ್ ಓದಿದ್ದು ಅಲ್ಲಿ. ಖಾದಿ ಗೌನು ತೊಟ್ಟು ಸರ್ಜರಿಗೆ ಹೋಗುತ್ತಿದ್ದರು. ಪ್ರೊಫೆಸರಿಗೆ ಹಿಡಿಸಲಿಲ್ಲ. ಕೈಗೆ ಬಂದದ್ದು ಎಂ.ಬಿ.ಬಿ.ಎಸ್. ಅಲ್ಲ, ಅದಕ್ಕಿಂತ ಕೆಳಗಿನ ಎಲ್.ಎಂ.ಎಸ್.

3
ಅವರ ಇಬ್ಬರು ಸಹೋದರರು ಸ್ಪ್ರೂ ಎಂಬ ಕರುಳಿನ ಕಾಯಿಲೆಯಿಂದ ತೀರಿಕೊಂಡರು. ಆ ಕಾಯಿಲೆಗೆ ಫೋಲಿಕ್ ಆಮ್ಲ ಮದ್ದು. ಅದನ್ನು 1945ರಲ್ಲಿ ಕೃತಕವಾಗಿ ತಯಾರಿಸಿದ್ದು ಅಮೆರಿಕದ ಲೆಡರ್ಲೆ ಕಂಪನಿಯಲ್ಲಿ ಸುಬ್ಬರಾವ್ ಅವರ ತಂಡ.

4
ಬಾಸ್ಟನ್ನಿನ ಡಾ. ಸಿಡ್ನಿ ಫಾರ್ಬರ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್ ಬಂದ ಮಕ್ಕಳಿಗೆ ಫೋಲಿಕ್ ಆಮ್ಲದ ಬಗೆಯ ಮದ್ದು ಕೊಟ್ಟರು. ಕಾಯಿಲೆ ಚುರುಕಾಯಿತು. ಆಮೇಲೆ ಫೋಲಿಕ್ ಆಮ್ಲವನ್ನು ಅಡ್ಡಗಟ್ಟುವ ಅಮಿನಾಪ್ಟೆರಿನ್ ಕೊಟ್ಟರು. ಅದೂ ಸುಬ್ಬರಾವ್ ತಂಡದ್ದೇ. 16 ಮಕ್ಕಳಲ್ಲಿ 10 ಮಕ್ಕಳು ಚೇತರಿಸಿಕೊಂಡರು, ಸ್ವಲ್ಪ ಕಾಲ ಮಾತ್ರ. ಆ ಸ್ವಲ್ಪ ಕಾಲವನ್ನು ಚಿಕ್ಕದೆನ್ನಲು ಮನಸ್ಸು ಬರುವುದಿಲ್ಲ.

ಫಾರ್ಬರ್ ಅವರ ವರದಿ ಬಂದದ್ದು ಜೂನ್ 1948. ಸುಬ್ಬರಾವ್ ತೀರಿಕೊಂಡದ್ದು ಆಗಸ್ಟ್ 1948.

5
ಗಾಜಿನ ಪಟ್ಟಿಯ ಮೇಲೆ ಒಂದು ತೊಟ್ಟು ರಕ್ತ. ಇನ್ನೊಂದು ಪಟ್ಟಿಯ ಅಂಚಿನಿಂದ ಅದನ್ನು ತೆಳ್ಳಗೆ ಎಳೆಯುತ್ತಾರೆ. ಒಣಗಿಸಿ ಲೀಶ್‌ಮನ್ ಬಣ್ಣ ಹಾಕುತ್ತಾರೆ. ಲ್ಯುಕೇಮಿಯಾಕ್ಕಾಗಿ ಹುಡುಕುವುದು ಬ್ಲಾಸ್ಟ್, ಅಂದರೆ ಬಲಿಯದ ಕಣ. ನೇರಳೆ ಕೇಂದ್ರವೇ ಕಣದ ತುಂಬ.

6
ಬಿಳಿ ರಕ್ತಕಣ ಮೈಕ್ರೋಲೀಟರಿಗೆ 4,000ದಿಂದ 11,000. ಲ್ಯುಕೇಮಿಯಾದಲ್ಲಿ ಲಕ್ಷ ದಾಟುವುದುಂಟು. ಅಷ್ಟಿದ್ದೂ ಸೋಂಕನ್ನು ಸರಿಯಾಗಿ ತಡೆಯಲಾಗುವುದಿಲ್ಲ.

ಲ್ಯುಕೇಮಿಯಾ ಇದ್ದೂ ಈ ಕೌಂಟ್ ಕಡಿಮೆಯೇ ಇರುವವರೂ ಇದ್ದಾರೆ.

7
ಲಿಂಫೋಮಾ, ದುಗ್ಧಗ್ರಂಥಿಗಳ ಕ್ಯಾನ್ಸರ್: ಕುತ್ತಿಗೆಯಲ್ಲಿ, ಕಂಕುಳಲ್ಲಿ, ತೊಡೆಸಂದಿಯಲ್ಲಿ ಗಂಟು. ಸಾಮಾನ್ಯವಾಗಿ ನೋಯುವುದಿಲ್ಲ. ನೋಯದ್ದನ್ನು ಯಾರು ತೋರಿಸುತ್ತಾರೆ?

8
ಎನ್.ಎಸ್.ಸಿ. ಬೋಸ್ ರಸ್ತೆ ಸೌಕಾರ್‌ಪೇಟೆಯ ಕಡೆಯಿಂದ ಮದ್ರಾಸ್ ಹೈಕೋರ್ಟಿನ ಕಡೆಗೆ ಹೋಗುತ್ತದೆ.

ದೀರ್ಘಕಾಲಿಕ ಮೈಲಾಯ್ಡ್ ಲ್ಯುಕೇಮಿಯಾದಲ್ಲಿ 9 ಮತ್ತು 22ನೇ ಕ್ರೋಮೋಸೋಮುಗಳ ತುಂಡುಗಳು ಅದಲುಬದಲಾಗಿರುತ್ತವೆ. ಮದ್ದು ಇಮ್ಯಾಟಿನಿಬ್, ದಿನವೂ ನುಂಗುವ ಮಾತ್ರೆ. ಚೆನ್ನೈ ಪೇಟೆಂಟ್ ಕಚೇರಿ 2006ರ ಜನವರಿಯಲ್ಲಿ ಆ ಮದ್ದಿನ ಒಂದು ರೂಪಕ್ಕೆ ಪೇಟೆಂಟ್ ಕೇಳಿದ್ದ ನೊವಾರ್ಟಿಸ್ ಕಂಪನಿಯ ಅರ್ಜಿಯನ್ನು ತಿರಸ್ಕರಿಸಿತು. ಕಂಪನಿ ಪೇಟೆಂಟ್ ಕಾನೂನನ್ನೇ ಇದೇ ಹೈಕೋರ್ಟಿನಲ್ಲಿ ಪ್ರಶ್ನಿಸಿ 2007ರಲ್ಲಿ ಸೋತಿತು. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟಿನಲ್ಲೂ ಸೋತಿತು.

ಆ ದಿನಗಳಲ್ಲಿ ನೊವಾರ್ಟಿಸ್ ಮಾತ್ರೆಗೆ ತಿಂಗಳಿಗೆ ಸುಮಾರು 1,20,000 ರೂ. ಆಗುತ್ತಿತ್ತು. ಭಾರತದ ಕಂಪನಿಗಳದ್ದಕ್ಕೆ ಆಗ ಸುಮಾರು 10,000.

9
ಅಮಿನಾಪ್ಟೆರಿನ್ ಹಿಂದೆ ಸರಿಯಿತು. ಅದರ ತಮ್ಮನಂಥ ಮೆಥೋಟ್ರೆಕ್ಸೇಟ್ ಉಳಿದಿದೆ. ಲ್ಯುಕೇಮಿಯಾ ಬಂದ ಮಕ್ಕಳಿಗೆ ಈಗಲೂ ವಾರಕ್ಕೊಂದು ದಿನ ಅದರ ಮಾತ್ರೆ. ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ.

ಗರ್ಭಿಣಿಯರಿಗೆ ಕೊಡುವ ಫೋಲಿಕ್ ಆಮ್ಲವೂ ಅದು ಸಿಗುವ ಔಷಧಿ ಅಂಗಡಿಯಲ್ಲೇ ಸಿಗುತ್ತದೆ.

10
ಬಿಡದ ಜ್ವರ, ಒಸಡಲ್ಲಿ ರಕ್ತ, ಪೆಟ್ಟಿಲ್ಲದೆ ಮೂಡುವ ನೀಲಿ ಕಲೆ, ಕರಗದ ಗಂಟು. ಹೆಚ್ಚಿನವರಲ್ಲಿ ಬೇರೇನೋ ಆಗಿರುತ್ತದೆ. ಆದರೂ ಡಾಕ್ಟರಿಗೆ ತೋರಿಸಿ, ರಕ್ತ ಪರೀಕ್ಷೆ ಮಾಡಿಸಿ. ಮುಂದಕ್ಕೆ ಹಾಕಬೇಡಿ.