ಎರವಲು ಜೆರ್ಸಿ

ಕ್ರಿಕೆಟ್‌ನಲ್ಲಿ ಸೋತು ಬಂದವರ ಪ್ರತಿಕೃತಿ ಸುಡುವ ಜನ ನಾವು. 1996ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಕಲ್ಕತ್ತೆಯ ಈಡನ್ ಗಾರ್ಡನ್ಸಿನ ಪ್ರೇಕ್ಷಕರು ಬಾಟಲಿ ಎಸೆದ ಭರಾಟೆಗೆ ಪಂದ್ಯವೇ ನಿಂತು, ಗೆಲುವು ಶ್ರೀಲಂಕಾದ ಪಾಲಾಯಿತು. ಅದೇ ದೇಶದವರು 2019ರ ಸೆಪ್ಟೆಂಬರ್ 10ರ ರಾತ್ರಿ ದೋಹಾದಲ್ಲಿ, ಒಂದೇ ಒಂದು ಗೋಲು ಹೊಡೆಯದ ತಂಡವನ್ನು ಹೊಗಳಿ ಗಂಟಲು ಹರಿದುಕೊಂಡರು. ಆ ಗಂಟಲುಗಳಲ್ಲಿ ನನ್ನದೂ ಒಂದು.

ಎದುರಿಗಿದ್ದದ್ದು ಕತಾರ್, ಆ ವರ್ಷವಷ್ಟೇ ಏಷ್ಯಾ ಕಪ್ ಗೆದ್ದ ತಂಡ. ನಮ್ಮ ನಾಯಕ ಸುನಿಲ್ ಛೆಟ್ರಿ ಜ್ವರ ಬಂದು ಹೊರಗುಳಿದಿದ್ದ. ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ಬಂದ ಚೆಂಡನ್ನೆಲ್ಲ ತಡೆದ. ಸೊನ್ನೆ–ಸೊನ್ನೆ. ಜಾಸಿಮ್ ಬಿನ್ ಹಮದ್ ಕ್ರೀಡಾಂಗಣದಿಂದ ಹೊರಬರುತ್ತ ಹೊಳಲೂರಿಗೆ ಫೋನ್ ಮಾಡಿದೆ.

"ಯಾರು ಗೆದ್ರೋ?" ಅಂದರು ಅಪ್ಪ.

"ಯಾರೂ ಇಲ್ಲಪ್ಪ. ಎರಡು ಕಡೇನೂ ಗೋಲಿಲ್ಲ."

"ಹಂಗಾರೆ ಒಂದೂವರೆ ಗಂಟೆ ಏನ್ ಮಾಡಿದ್ರು ಅಷ್ಟೂ ಜನ?"

ನ್ಯಾಯವಾದ ಪ್ರಶ್ನೆಯೇ. ಶಿವಮೊಗ್ಗದಿಂದ ಹೊನ್ನಾಳಿ ರಸ್ತೆಯಲ್ಲಿರುವ ನಮ್ಮೂರಿಗೆ ಈ ಆಟ ಬಳಕೆಯದಲ್ಲ. ಕಬಡ್ಡಿ ಉಂಟು, ವಾಲಿಬಾಲ್ ಉಂಟು, ಗದ್ದೆ ಕೊಯ್ಲಾದ ಮೇಲೆ ಕ್ರಿಕೆಟ್ ಉಂಟು. ಪಕ್ಕದ ಭದ್ರಾವತಿಯಲ್ಲಿ ಹುಟ್ಟಿದ ಜಿ.ಆರ್. ವಿಶ್ವನಾಥ್ ಮೊದಲ ಟೆಸ್ಟಿನಲ್ಲೇ, ಮೊದಲ ಇನಿಂಗ್ಸಿನಲ್ಲಿ ಸೊನ್ನೆ ಸುತ್ತಿ ಎರಡನೆಯದರಲ್ಲಿ 137 ಹೊಡೆದವರು. ಅಂಥವರ ಸೀಮೆಯಲ್ಲಿ ಇನ್ಯಾವ ಆಟ ಬೇರು ಬಿಟ್ಟೀತು?

ಆದರೂ ನಾನು ಫುಟ್‌ಬಾಲ್ ಕಂಡದ್ದು ಆ ಭದ್ರಾವತಿಯಲ್ಲೇ. ಬೇಸಿಗೆ ರಜೆಗೆ ಸೋದರಮಾವನ ಮನೆ, ನ್ಯೂಟೌನಿನ ಕ್ವಾರ್ಟರ್ಸು. ಬೆಂಕಿಪುರ ಎಂಬ ಹಳೆಯ ಹೆಸರಿನ ಆ ಊರಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆಯ ಕುಲುಮೆ ಹೊತ್ತಿತು. ಮಲೆನಾಡಿನ ಕಾಡಿನ ಇದ್ದಿಲು ಅದಕ್ಕೆ ಉರುವಲು. ಕೆಲಸ ಅರಸಿ ತಮಿಳರು ಬಂದರು, ತೆಲುಗರು, ಮಲಯಾಳಿಗಳು ಬಂದರು; ಆಮೇಲೆ ಪೇಪರ್ ಮಿಲ್ ಬಂತು, ಇನ್ನಷ್ಟು ಜನ. ಸಂಜೆ ಪಾಳಿ ಮುಗಿಸಿ ಬಂದವರ ಮಕ್ಕಳು ಬರಿಗಾಲಲ್ಲಿ ಚೆಂಡು ಒದೆಯುತ್ತಿದ್ದರು. ಮೂರು ಭಾಷೆಯಲ್ಲಿ ಬೈಗುಳ, ಒಂದೇ ಚೆಂಡು. ನನ್ನನ್ನು ಯಾರೂ ಸೇರಿಸಿಕೊಳ್ಳುತ್ತಿರಲಿಲ್ಲ, ನಾನು ಬೇಲಿಯ ಈಚೆ.

ಕರ್ನಾಟಕದಲ್ಲಿ ಈ ಆಟದ ಹಳೆಯ ನೆಲೆಗಳನ್ನೆಲ್ಲ ಹುಡುಕಿ ನೋಡಿ, ದುಡಿಯಲು ಬಂದವರ ಬಡಾವಣೆಗಳೇ ಸಿಗುತ್ತವೆ. ದಂಡಿನ ಸಿಪಾಯಿಗಳ ಹಿಂದೆ ಬೆಳೆದ ಬೆಂಗಳೂರಿನ ಆಸ್ಟಿನ್ ಟೌನ್, ಹಲಸೂರಿನ ಮಗ್ಗುಲ ಗೌತಮಪುರ. ಗೌತಮಪುರದಲ್ಲಿ ಅಂಬೇಡ್ಕರ್, ಬುದ್ಧ, ಮದರ್ ತೆರೆಸಾರ ಜೊತೆಗೆ ಪೆಲೆಯ ಪ್ರತಿಮೆಯನ್ನೂ ನಿಲ್ಲಿಸಿದ್ದಾರೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬಹುತೇಕ ಬರಿಗಾಲಲ್ಲೇ ಆಡಿದ ಭಾರತ ಫ್ರಾನ್ಸ್‌ಗೆ 1–2ರಿಂದ ಸೋತಿತಲ್ಲ, ಆ ಒಂದು ಗೋಲು ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದು. ಸಿಕ್ಕಿದ ಎರಡು ಪೆನಾಲ್ಟಿಯನ್ನೂ ನಮ್ಮವರು ವ್ಯರ್ಥ ಮಾಡಿದ್ದರು. ಗೆಲುವಿನ ಹತ್ತಿರ ಹೋಗಿ ವಾಪಸಾಗುವ ವಿದ್ಯೆ ನಮಗೆ ಇಂದು ನಿನ್ನೆಯದಲ್ಲ.

ಈಗ ದೋಹಾಕ್ಕೆ ದುಡಿಯಲು ಬಂದವನು ನಾನು. ನನ್ನ ರೂಮಿನವನು ಮಲಪ್ಪುರಂ ಕಡೆಯವನು, ಶಿವಮೊಗ್ಗದ ಬೇಕರಿಯೊಂದರಲ್ಲಿ ದುಡಿದು ಕನ್ನಡ ಕಲಿತವನು. 2022ರ ವಿಶ್ವಕಪ್ ಬಂದಾಗ ಅವನು ಅರ್ಜೆಂಟೀನಾದ ಪ್ರಜೆಯಾದ. ಅದೇ ಕಾಲಕ್ಕೆ ಕೋಯಿಕ್ಕೋಡ್ ಬಳಿಯ ಪುಲ್ಲಾವೂರಿನಲ್ಲಿ ಹೊಳೆಯ ನಡುವೆಯೇ ಮೆಸ್ಸಿಯ ಕಟೌಟ್ ಎದ್ದಿತ್ತು. ಹಾಗಾಗಿ ಇವನೊಬ್ಬನದೇ ಹುಚ್ಚು ಎನ್ನುವಂತಿಲ್ಲ. ದೋಹಾದ ಬೀದಿಗಳಲ್ಲಿ ಅರ್ಜೆಂಟೀನಾ, ಬ್ರೆಜಿಲ್, ಇಂಗ್ಲೆಂಡ್ ಜೆರ್ಸಿ ತೊಟ್ಟು ಚೆಂಡೆ ಬಾರಿಸಿದ ನಮ್ಮವರನ್ನು ಕಂಡು ಯುರೋಪಿನ ಪತ್ರಕರ್ತರು, ಇವರು ಕಾಸು ಪಡೆದು ಬಂದ ನಕಲಿ ಅಭಿಮಾನಿಗಳು ಎಂದು ಗುಮಾನಿಪಟ್ಟರು. ನನಗೆ ನಗು ಬಂತು. ಜೆರ್ಸಿಗೆ ಇವನೇ ಸಂಬಳ ಮುರಿದುಕೊಂಡಿದ್ದ.

ಅರ್ಜೆಂಟೀನಾವನ್ನು ಸೌದಿ ಅರೇಬಿಯಾ 2–1ರಿಂದ ಮಣಿಸಿದ ದಿನ ಇವನು ಒಂದು ಚಹಾ ಕುಡಿದು ಸುಮ್ಮನೆ ಮಲಗಿದ. ಸೌದಿಯ ದೊರೆ ಮರುದಿನ ದೇಶಕ್ಕೇ ರಜೆ ಕೊಟ್ಟ. ಜಪಾನಿಗಳು ಜರ್ಮನಿಯನ್ನು ಸೋಲಿಸಿಯೂ ಕೂತ ಜಾಗದ ಕಸ ಹೆಕ್ಕಿ ಚೀಲಕ್ಕೆ ತುಂಬಿ ಹೋದರು. ಕತಾರಿಗಳೋ, ಉದ್ಘಾಟನೆಯ ದಿನ ಈಕ್ವೆಡಾರ್ ಎರಡು ಗೋಲು ಹೊಡೆಯುತ್ತಲೇ ಬಹಳ ಜನ ಎದ್ದು ಮನೆಗೆ ನಡೆದಿದ್ದರು. ಇದು ಉದಾಸೀನ ಎಂದು ಅನೇಕರು ಬರೆದರು. ನನಗೆ ಹಾಗೆ ತೋರಲಿಲ್ಲ. ನಾಡಿನವರಿಗಿಂತ ಹೊರಗಿನವರೇ ಹಲವು ಪಟ್ಟು ತುಂಬಿರುವ ನೆಲ. ಅತಿಥಿಗಳ ಕಣ್ಣೆದುರು ಸೋಲುವುದನ್ನು ಕೂತು ನೋಡಲು ಯಾವ ಯಜಮಾನನಿಗೆ ಇಷ್ಟ? ಮೊರಾಕ್ಕೊ ಸೆಮಿಫೈನಲ್ ತಲುಪಿದಾಗ ಅದೇ ಕತಾರಿಗಳು ಕಾರಿನ ಕಿಟಕಿಯಿಂದ ಮೈ ಹೊರಚಾಚಿ ಬಾವುಟ ಬೀಸಿದರು. ಎರವಲು ಸಂತೋಷ ಮಲಯಾಳಿಗಳ ಸೊತ್ತೇನಲ್ಲ.

ಇನ್ನು ನಮ್ಮ ಕನ್ನಡಿಗರು. 2023ರ ಮಾರ್ಚ್ 4ರಂದು ರಿಯಾದಿನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಎತ್ತಿತು, 54 ವರ್ಷಗಳ ನಂತರ. ಹಿಂದಿನ ಸಲ ಗೆದ್ದಾಗ ರಾಜ್ಯಕ್ಕೆ ಮೈಸೂರು ಎಂಬ ಹೆಸರಿತ್ತು! ನಮ್ಮ ಗೆಳೆಯರ ಗುಂಪಿನಲ್ಲಿ ಆ ದಿನ ಅಡಿಕೆ ಧಾರಣೆಯ ಚರ್ಚೆ ನಡೆದಿತ್ತು. ನನಗೆ ಸುದ್ದಿ ಹೇಳಿದವನು ರೂಮಿನವನೇ. ಹಿಂದಿನ ವರ್ಷ ಅವನ ಜಿಲ್ಲೆಯ ಮಂಜೇರಿಯಲ್ಲಿ ಕೇರಳ ನಮ್ಮನ್ನು 7–3ರಿಂದ ಚಚ್ಚಿತ್ತು, ಅದನ್ನೂ ಅವನೇ ಹೇಳಿದ್ದ.

"ನಿಮ್ಮವ್ರು ಕಪ್ ಹೊಡ್ದಿದಾರೆ ಮಾರಾಯ, ಸ್ವೀಟ್ ಎಲ್ಲಿ?" ಅಂತ ಕೇಳಿದ. ಕೊನೆಗೆ ಲಡ್ಡು ತಂದವನೂ ಅವನೇ.

ಇಷ್ಟು ಉದಾರಿಯಾದವನ ಇನ್ನೊಂದು ಮುಖ ಕಂಡದ್ದು 2024ರಲ್ಲಿ. ಜನವರಿಯ ಏಷ್ಯಾ ಕಪ್‌ನಲ್ಲಿ ಭಾರತ ಮೂರು ಪಂದ್ಯ ಆಡಿ ಮೂರನ್ನೂ ಸೋತಿತು. ಒಂದು ಗೋಲೂ ಇಲ್ಲ. ಆದರೂ ಪ್ರತಿ ಸಲ ನೀಲಿ ಜೆರ್ಸಿಗಳು ಸಾವಿರಗಟ್ಟಲೆ ಬಂದವು, ಚಪ್ಪಾಳೆ ತಟ್ಟಿ ಮರಳಿದವು. ಆಸೆಯೇ ಇಲ್ಲದ ಕಡೆ ಸಿಟ್ಟು ಎಲ್ಲಿಂದ ಬರಬೇಕು?

ಜೂನ್ 11ರಂದು ಅದು ಬಂತು. ವಿಶ್ವಕಪ್ ಅರ್ಹತೆಯ ಪಂದ್ಯ, ಮತ್ತೆ ಕತಾರ್, ಮತ್ತೆ ಅದೇ ಜಾಸಿಮ್ ಬಿನ್ ಹಮದ್. ಛೆಟ್ರಿ ಐದು ದಿನ ಮುಂಚೆ ಕೋಲ್ಕತ್ತದಲ್ಲಿ ವಿದಾಯದ ಪಂದ್ಯ ಆಡಿದ್ದ. 37ನೇ ನಿಮಿಷದಲ್ಲಿ ನಮ್ಮ ಛಾಂಗ್ಟೆ ಗೋಲು ಹೊಡೆದ. 1–0! ಮುಂದಿನ ಸುತ್ತಿನ ಬಾಗಿಲು ಕಾಣುತ್ತಿತ್ತು. 73ನೇ ನಿಮಿಷದಲ್ಲಿ ಗುರ್‌ಪ್ರೀತ್ ತಡೆದ ಚೆಂಡು ಉರುಳಿ ಗೆರೆ ದಾಟಿ ಹೊರಹೋಯಿತು. ಕತಾರಿನವನೊಬ್ಬ ಅದನ್ನು ಕಾಲಲ್ಲಿ ಒಳಗೆಳೆದ, ಮತ್ತೊಬ್ಬ ಬಲೆಗೆ ತಳ್ಳಿದ. ರೆಫರಿ ಗೋಲು ಕೊಟ್ಟ. ವಿಡಿಯೋ ನೋಡಿ ತೀರ್ಮಾನಿಸುವ ವ್ಯವಸ್ಥೆ ಆ ಪಂದ್ಯಕ್ಕಿರಲಿಲ್ಲ. 85ನೇ ನಿಮಿಷಕ್ಕೆ ಇನ್ನೊಂದು ಗೋಲು ಬಿತ್ತು, ನಮ್ಮ ಕಥೆ ಮುಗಿಯಿತು.

ಅರ್ಜೆಂಟೀನಾ ಸೋತಾಗ ಚಹಾ ಕುಡಿದು ಮಲಗಿದವನು ಅಂದು ಊಟ ಮುಟ್ಟಲಿಲ್ಲ. ಮೆಟ್ರೋದಲ್ಲಿ ಗೊತ್ತಿಲ್ಲದವರಿಗೆಲ್ಲ ಮೊಬೈಲಿನಲ್ಲಿ ಆ ಗೆರೆಯನ್ನು ದೊಡ್ಡದು ಮಾಡಿ ತೋರಿಸಿದ. ನಾನೂ ಬೆರಳಿಟ್ಟು ತೋರಿಸಿದೆ. ಒಬ್ಬ ಕತಾರಿ ಹುಡುಗ ನೋಡಿ, "ಹೌದು, ಹೊರಗೆ" ಎಂದು ಒಪ್ಪಿದ. ಅದು ನಮ್ಮನ್ನು ಇನ್ನಷ್ಟು ಕೆರಳಿಸಿತು. ಭಾರತದ ಫುಟ್‌ಬಾಲ್ ಫೆಡರೇಷನ್ ದೂರು ಕೊಟ್ಟಿದೆಯೆಂದು ಆಮೇಲೆ ಓದಿದೆವು. ರೂಮಿನವನಿಗೆ ಅದು ಸಾಲಲಿಲ್ಲ. ರಾತ್ರಿ ಎರಡು ಗಂಟೆಗೆ ದೀಪ ಹಾಕಿ, ಫಿಫಾಕ್ಕೆ ತಾನೇ ಒಂದು ಕಾಗದ ಬರೆಯುತ್ತೇನೆಂದು ಕೂತ. ನಾನು ಇಂಗ್ಲಿಷ್ ತಿದ್ದಿಕೊಡುತ್ತ ಪಕ್ಕದಲ್ಲಿ ಕೂತೆ. ಅವನು ಬರೆದದ್ದಕ್ಕಿಂತ ಖಾರವಾಗಿಯೇ ತಿದ್ದಿದೆ.