ಹನ್ನೆರಡು ತಿಂಗಳ ಗಡುವು

ನಲವತ್ನಾಲ್ಕರ ವಯಸ್ಸಿನಲ್ಲಿ ಬೈಕ್ ಕೊಂಡೆ ಅಂದರೆ ನಮ್ಮ ಪುಣೆಯ ಆಫೀಸಿನಲ್ಲಿ ಮೊದಲು ಕೇಳುವುದು ‘ಬುಲೆಟ್ಟಾ?’ ಅಂತ. ಅಲ್ಲ, ಸ್ಪ್ಲೆಂಡರ್. 97.2 ಸಿಸಿ, 9.8 ಲೀಟರ್ ಟ್ಯಾಂಕು. ಅದರ ಮೇಲೆ ಶಿಗ್ಗಾವಿ ಹತ್ತಿರದ ನಮ್ಮೂರಿಗೆ, ಸುಮಾರು 470 ಕಿಲೋಮೀಟರ್, ಹೋಗುತ್ತೇನೆ ಅಂದಾಗ ಅವರ ಮುಖದಲ್ಲಿ ಕನಿಕರ ಕಾಣುತ್ತದೆ. ಮಿಡ್‌ಲೈಫ್ ಕ್ರೈಸಿಸ್‌ಗೂ ಒಂದು ಅಂತಸ್ತು ಬೇಡವೇ!

ಕಾರಣ ಸರಳ. ಹೆದ್ದಾರಿಯಿಂದ ನಮ್ಮೂರು ಏಳು ಕಿಲೋಮೀಟರ್ ಒಳಗೆ. ಅಪ್ಪ ಇದ್ದಾಗ ಒಂದು ಹಳೆಯ ಗಾಡಿ ಇತ್ತು; ಅವರು ಹೋದ ಮೇಲೆ ಅದೂ ಗುಜರಿಗೆ ಹೋಯಿತು. ಈಗ ಅವ್ವ ಒಬ್ಬಳೇ. ಮೊಣಕಾಲು ನೋವಿನವಳು ಗುಳಿಗೆಗೂ ಯಾರದಾದರೂ ಗಾಡಿಗೆ ಕಾಯಬೇಕು. ವರ್ಷಕ್ಕೆ ಎರಡು ತಿಂಗಳಾದರೂ ಊರಲ್ಲೇ ಕೂತು ಕೆಲಸ ಮಾಡುವ ಲೆಕ್ಕಾಚಾರ ನನ್ನದು. ಅದಕ್ಕೆ ಊರಲ್ಲಿ ಬಿಟ್ಟುಬರಲು ಒಂದು ಗಾಡಿ ಬೇಕು, ಹಳ್ಳಿಯ ಮೆಕ್ಯಾನಿಕ್ಕೂ ಬಿಚ್ಚಿ ಜೋಡಿಸಬಲ್ಲಂಥದ್ದು.

‘ಅಲ್ಲೇ ತಗೋಬಹುದಿತ್ತಲ್ಲ?’ ಅಂದಳು ಹೆಂಡತಿ. ಆದರೆ ನನ್ನ ವಿಳಾಸದ ಕಾಗದಗಳೆಲ್ಲ ಪುಣೆಯವು. ಹಾಗಾಗಿ ಬೈಕಿನ ಹಣೆಯ ಮೇಲೆ ಎಂಎಚ್ 12.

ಹೊಸ ಎಂಜಿನ್ನನ್ನು ನೇರ ಹೆದ್ದಾರಿಗೆ ತರುವಂತಿಲ್ಲ. ಪಿಸ್ಟನ್ ರಿಂಗು ಮತ್ತು ಸಿಲಿಂಡರಿನ ಗೋಡೆ ಒಂದಕ್ಕೊಂದು ಹೊಂದಿಕೊಳ್ಳಲು ಕಾಲ ಬೇಕು. ಆಗ ಆಕ್ಸಿಲರೇಟರ್ ಪೂರ್ತಿ ತಿರುಗಿಸಬಾರದು; ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡಿಸಲೂಬಾರದು. ಹೆದ್ದಾರಿಯಲ್ಲಿ ಆಗುವುದು ಇವೆರಡೇ. ಅದಕ್ಕೇ ಆರು ವಾರ ಬೆಳಗಿನ ಹೊತ್ತು ಕಾತ್ರಜ್, ಸಾಸವಡ, ಸಿಂಹಗಡದ ಬುಡ ಎಂದು ಸುತ್ತಿ, ಆಮೇಲೆ ಮೊದಲ ಸರ್ವಿಸ್ ಮಾಡಿಸಿದೆ. ಹೊರಬಂದ ಆಯಿಲನ್ನು ಬೆಳಕಿಗೆ ಹಿಡಿದರೆ ಲೋಹದ ಸಣ್ಣ ಮಿನುಗು. ಭಾಗಗಳು ಸವೆದು ಹೊಂದಿಕೊಂಡ ಗುರುತು ಅದು, ಗಾಬರಿ ಬೇಡ ಎಂದ ಮೆಕ್ಯಾನಿಕ್. ಹತ್ತೊಂಬತ್ತು ವರ್ಷ ಈ ಊರಲ್ಲಿ ಕಳೆದವನಿಗೆ ಅದನ್ನು ಬಿಡಿಸಿ ಹೇಳಬೇಕಿರಲಿಲ್ಲ.

ಉಳಿದ ತಯಾರಿ ನನ್ನ ವೃತ್ತಿಯ ಚಟದಂತೆ ಎಕ್ಸೆಲ್ ಶೀಟಿನಲ್ಲಿದೆ. ಹೊಸ ಚೈನು ಬೇಗ ಸಡಿಲಾಗುತ್ತದೆ, ಬಿಗಿ ಮಾಡಿಸಿದ್ದಾಯಿತು. ಟೈರಿನ ಗಾಳಿಯನ್ನು ಓಡಿಸುವ ಮುಂಚೆ, ತಣ್ಣಗಿದ್ದಾಗಲೇ ಅಳೆಯಬೇಕು. ಪಂಕ್ಚರ್ ಕಿಟ್, ಸ್ಪಾರ್ಕ್ ಪ್ಲಗ್, ಕ್ಲಚ್ ಕೇಬಲ್, ಟಾರ್ಚು. ಚೀಲಗಳು ಎರಡೇ, ಎರಡೂ ಬದಿಗೆ ಸಮತೂಕ. ಭಾರ ಹೇರಿದ ಮೇಲೆ ಬ್ರೇಕು ಹಿಡಿಯಲು ಎಷ್ಟು ದೂರ ಬೇಕೆಂದು ಖಾಲಿ ರಸ್ತೆಯಲ್ಲಿ ನೋಡಿಕೊಂಡೆ. ವೇಗ ಐವತ್ತರಿಂದ ಅರವತ್ತು, ಗಂಟೆಗೊಮ್ಮೆ ವಿಶ್ರಾಂತಿ, ಕತ್ತಲಾದ ಮೇಲೆ ಸವಾರಿ ಇಲ್ಲ. ಅರ್ಧದಾರಿಯ ಕೊಲ್ಹಾಪುರದಲ್ಲಿ ರಾತ್ರಿ ವಸತಿ.

ಸ್ಲೀಪರ್ ಬಸ್ಸಿನವರಿಗೆ ಇದೆಲ್ಲ ದಂಡದ ಕೆಲಸ. ರಾತ್ರಿ ಸ್ವಾರ್‌ಗೇಟಿನಲ್ಲಿ ಮಲಗಿದರೆ ಬೆಳಿಗ್ಗೆ ಹುಬ್ಬಳ್ಳಿ. ಆದರೆ ಹಾಗೆ ಮಲಗಿಯೇ ಖಂಬಾಟಕಿ ಘಾಟು ದಾಟಿದ್ದೇನೆ, ನೀರಾ, ಕೃಷ್ಣಾ, ಪಂಚಗಂಗಾ, ಘಟಪ್ರಭಾ ದಾಟಿದ್ದೇನೆ. ನನಗೂ ಅವ್ವನಿಗೂ ನಡುವೆ ಎಷ್ಟು ದೂರವಿದೆ ಎಂಬುದು ಟಿಕೆಟ್ಟಿನ ದರವಾಗಿ ಮಾತ್ರ ಗೊತ್ತು. ಒಮ್ಮೆ ಎಚ್ಚರವಾಗಿದ್ದು, ನಿಪ್ಪಾಣಿ ಹತ್ತಿರ ಬೋರ್ಡುಗಳು ಕನ್ನಡಕ್ಕೆ ತಿರುಗುವುದನ್ನು ಹಗಲಿನಲ್ಲೇ ನೋಡಬೇಕು.

ಕೊನೆಗೆ ಉಳಿದದ್ದು ಕಾಗದಪತ್ರ. ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಗಾಡಿಯ ಜೊತೆಗೇ ಬಂದಿದೆ; ಹೊಸ ಗಾಡಿಗೆ ಮೊದಲ ವರ್ಷ ಹೊಗೆ ತಪಾಸಣೆಯ ಪತ್ರ ಬೇಡ. ಆದರೆ ಮೋಟಾರು ವಾಹನ ಕಾಯಿದೆಯ 47ನೇ ಕಲಮು ನನ್ನನ್ನು ಎರಡು ರಾತ್ರಿ ನಿದ್ದೆಗೆಡಿಸಿತು. ಒಂದು ರಾಜ್ಯದ ಗಾಡಿ ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಉಳಿದರೆ ಅಲ್ಲಿಯ ಹೊಸ ನಂಬರಿಗೆ ಅರ್ಜಿ ಹಾಕಬೇಕು. ಪುಣೆಯಿಂದ ನಿರಾಕ್ಷೇಪಣಾ ಪತ್ರ ತಂದು, ಕರ್ನಾಟಕದಲ್ಲಿ ತೆರಿಗೆ ಕಟ್ಟಿ, ಹಾವೇರಿಯ ಕೆಎ 27 ಪಡೆಯಬೇಕು.

ಗಾಡಿಗೆ ಸರಿ, ನನಗೆ? ‘ಮುಂದಿನ ವರ್ಷ ನೋಡೋಣ’ ಎಂದು ಹತ್ತೊಂಬತ್ತು ಸಲ ಹೇಳಿದರೂ ನನಗೆ ಯಾರೂ ನೋಟಿಸ್ ಕೊಡಲಿಲ್ಲ. ಮಗಳ ಹತ್ತನೇ ಕ್ಲಾಸು ಇಲ್ಲಿ, ಹೆಂಡತಿಯ ಕೆಲಸ ಇಲ್ಲಿ, ಮನೆಸಾಲದ ಕಂತು ಇಲ್ಲಿ. ಅವ್ವನನ್ನು ಇಲ್ಲಿಗೆ ಕರೆದರೆ ನಾಲ್ಕನೇ ಮಹಡಿಯ ಕಿಟಕಿಯಲ್ಲಿ ಕೂತು ಮರಳುವ ದಿನ ಎಣಿಸುತ್ತಾಳೆ. ಎರಡು ಲೆಕ್ಕಗಳೂ ಸರಿ; ಕೂಡಿಸಿದರೆ ಮಾತ್ರ ತಾಳೆಯಾಗುವುದಿಲ್ಲ. ಈ ಸಲ ತಾರೀಖಿನೊಂದಿಗೆ ಪ್ರಶ್ನೆ ಕೇಳುವ ಒಂದು ವಸ್ತು ಮನೆಯಂಗಳದಲ್ಲಿ ನಿಂತಿರುತ್ತದೆ. ವರ್ಷದೊಳಗೆ ಅದನ್ನು ಊರಿನದಾಗಿಸಬೇಕು, ಇಲ್ಲವೇ ಹಿಂದಕ್ಕೆ ತರಬೇಕು.

ನಿನ್ನೆ ಫೋನಿನಲ್ಲಿ ಅವ್ವ ಕೇಳಿದಳು: ‘ಗಾಡಿ ನಂಬರ್ ನಮ್ಮ ಕಡಿದೇನೋ?’

‘ಸದ್ಯಕ್ಕ ಇಲ್ಲೀದವ್ವ.’

‘ಇರ್ಲಿ ಬಿಡು. ಮಳೀಗೆ ನೆನೀಬಾರ್ದಂತ ದನದ ಕೊಟ್ಟಿಗಿ ಹಸನ ಮಾಡ್ಸೀನಿ.’

ಕೊಟ್ಟಿಗೆ ಖಾಲಿಯಾಗಿ ಆರು ವರ್ಷ. ಶನಿವಾರ ಬೆಳಗಿನ ಐದೂವರೆಗೆ ಹೊರಡುತ್ತೇನೆ.