ನೂಲಿನಂತೆ ಸೀರೆ

ತೊಟ್ಟಿಲ ಸುತ್ತ ನೆರೆದ ನೆಂಟರು ಕೂಸನ್ನು ಪಾಲು ಹಾಕಿಕೊಳ್ಳುವ ಚೆಂದವನ್ನು ನೀವೂ ಕಂಡಿರಬೇಕು. ಮೂಗು ಅಪ್ಪನದು, ಹುಬ್ಬು ಅಜ್ಜಿಯದು, ಸಿಟ್ಟು ಮಾತ್ರ ಸೋದರಮಾವನದು! ಅಂಗೈಯಗಲ ಹೊಲಕ್ಕೆ ಕೋರ್ಟಿನ ಮೆಟ್ಟಿಲು ಹತ್ತುವ ಜನ ಈ ಪಾಲಿನಲ್ಲಿ ಎಷ್ಟು ಉದಾರಿಗಳು! ಹರಿಹರದಲ್ಲಿರುವ ನನ್ನ ತಂಗಿಗೆ ಮಗ ಹುಟ್ಟಿದಾಗಲೂ ಹೀಗೆಯೇ ಆಯಿತು. ಅವನ ಕಿವಿ ನನ್ನದೆಂದು ತೀರ್ಪಾಯಿತು. ಆ ಗೌರವವನ್ನು ಸಂಕೋಚದಿಂದಲೇ ಒಪ್ಪಿಕೊಂಡು ದಾವಣಗೆರೆಯ ಬಸ್ಸು ಹತ್ತಿದೆ.

ಹುಡುಗ ಅಂಬೆಗಾಲಿಡತೊಡಗಿದ ಮೇಲೆ ಮೊಣಕಾಲಿನಲ್ಲಿ ನೀಲಿ ಕಲೆಗಳು ಕಾಣಿಸಿಕೊಂಡವು. ಒಮ್ಮೆ ಎಡವಿ ಬಿದ್ದು ತುಟಿ ಕಚ್ಚಿಕೊಂಡನು. ರಕ್ತ ಎರಡು ದಿನ ಒಸರಿತು. ಮೊದಲು ದೃಷ್ಟಿ ತೆಗೆದರು, ಆಮೇಲೆ ಹರಕೆ ಹೊತ್ತರು. ಕೊನೆಗೆ ತಂಗಿಯ ಅತ್ತೆ, “ನಮ್ಮ ಮನೆತನದಾಗ ಇಂಥದ್ದು ಇಲ್ಲವ್ವ, ಇದು ನಿನ್ನ ತವರಿಂದ ಬಂದದ್ದು” ಎಂದುಬಿಟ್ಟರು. ಮೂಗಿಗೆ, ಕಿವಿಗೆ ಹಕ್ಕುದಾರರಿದ್ದರು. ಇದಕ್ಕೆ ಯಾರೂ ಇರಲಿಲ್ಲ.

ದಾವಣಗೆರೆಯಲ್ಲಿ ರಕ್ತ ಪರೀಕ್ಷೆ ಮಾಡಿ ಹಿಮೋಫಿಲಿಯಾ ಎಂದರು. ಕನ್ನಡದಲ್ಲಿ ಕುಸುಮ ರೋಗ. ಕನ್ನಡದ ಮೇಷ್ಟ್ರಾದ ನಾನು ಆ ಹೆಸರಿನ ಮುಂದೆಯೇ ನಿಂತುಬಿಟ್ಟೆ. ಇಷ್ಟು ಕೋಮಲವಾದ ಹೆಸರು, ಇಂಥ ನೋವಿಗೆ! ರಕ್ತವನ್ನು ಹೆಪ್ಪುಗಟ್ಟಿಸುವ ಅಂಶಗಳಲ್ಲಿ ಎಂಟನೆಯದೋ ಒಂಬತ್ತನೆಯದೋ ಇವರಲ್ಲಿ ಕೊರೆಯಾಗಿರುತ್ತದೆ. ಎಂಟನೆಯದರ ಕೊರತೆ ಸುಮಾರು 5,000 ಗಂಡುಮಕ್ಕಳಲ್ಲಿ ಒಬ್ಬನಿಗೆ. ಹೊರಗಿನ ಗಾಯಕ್ಕಿಂತ ಒಳಗಿನ ಸೋರಿಕೆಯೇ ಕೇಡು. ಕೀಲಿನಲ್ಲಿ ರಕ್ತ ತುಂಬಿ ಮೊಣಕಾಲು ತೆಂಗಿನಕಾಯಿಯಂತೆ ಊದಿಕೊಳ್ಳುತ್ತದೆ. ಇಲ್ಲದ ಆ ಅಂಶವನ್ನು ಚುಚ್ಚುಮದ್ದಿನಿಂದ ಕೊಟ್ಟರೆ ನಿಲ್ಲುತ್ತದೆ. ನಮ್ಮ ಪುಣ್ಯಕ್ಕೆ, ಈ ರೋಗಿಗಳಿಗಾಗಿಯೇ ದುಡಿಯುವ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ದಾವಣಗೆರೆಯಲ್ಲೇ ಇದೆ. ಅದನ್ನು ಕಟ್ಟಿದ ಡಾ. ಸುರೇಶ ಹನಗವಾಡಿಯವರು ಇದೇ ರೋಗದೊಡನೆ ಬೆಳೆದು ವೈದ್ಯರಾದವರು. ಅದನ್ನು ಕೇಳಿದ ದಿನ ತಂಗಿ ಮೊದಲ ಬಾರಿ ಹೊಟ್ಟೆ ತುಂಬ ಉಂಡಳು.

ಆದರೆ ಅತ್ತೆಯ ಮಾತು ಮುಳ್ಳಿನಂತೆ ಉಳಿಯಿತು. ಅದು ನನ್ನ ತವರೂ ಅಲ್ಲವೆ? ಕಾಲೇಜಿನ ಪ್ರಾಣಿಶಾಸ್ತ್ರದ ಗೆಳೆಯರಿಂದ ಪುಸ್ತಕ ತಂದು, ಹಳಗನ್ನಡಕ್ಕೆ ಅರ್ಥ ಬಿಡಿಸುವಂತೆ ಓದಿದೆ. ತಂದೆತಾಯಿಗಳ ಗುಣಗಳು ಮಕ್ಕಳಲ್ಲಿ ಹಾಲು–ಡಿಕಾಕ್ಷನ್ನಿನಂತೆ ಬೆರೆಯುತ್ತವೆಂದು ನಾನು ತಿಳಿದಿದ್ದೆ. ಹಾಗಲ್ಲವೆಂದು ಮೆಂಡೆಲ್ ಎಂಬ ಪಾದ್ರಿ ಬಟಾಣಿ ಬೆಳೆದು ತೋರಿಸಿದ. ದುಂಡು ಕಾಳಿನ ಗಿಡಕ್ಕೆ ಸುಕ್ಕು ಕಾಳಿನದನ್ನು ಕೂಡಿಸಿದರೆ ಮೊದಲ ತಲೆಮಾರಿನಲ್ಲಿ ಎಲ್ಲವೂ ದುಂಡು. ಅವುಗಳ ಸಂತಾನದಲ್ಲಿ ಸುಕ್ಕು ಮತ್ತೆ ಹಾಜರು: 5,474 ದುಂಡು, 1,850 ಸುಕ್ಕು, ಮೂರಕ್ಕೆ ಒಂದು. ಅಡಗಿದ್ದದ್ದು ಅಳಿದಿರಲಿಲ್ಲ. ಇದನ್ನು ಆತ ಅಚ್ಚು ಹಾಕಿಸಿದ್ದು 1866ರಲ್ಲಿ, ಲೋಕ ಕಣ್ಣು ತೆರೆದದ್ದು 1900ರಲ್ಲಿ. ಅಷ್ಟರಲ್ಲಿ ಆತ ತೀರಿಕೊಂಡು 16 ವರ್ಷ.

ಆ ವಾರ ಹರಿಹರಕ್ಕೆ ಹೋದವನು ಹರಿಹರೇಶ್ವರನ ಗುಡಿಗೂ ಹೋದೆ. 1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ ಗುಡಿ. ಮೂರ್ತಿಯಲ್ಲಿ ಬಲಕ್ಕೆ ಹರ, ಎಡಕ್ಕೆ ಹರಿ. ಎಷ್ಟೋ ಸಲ ಕೈಮುಗಿದಿದ್ದೆ. ಅಂದು ಮಾತ್ರ, ಒಂದೇ ಮೈಯಾದರೂ ಒಂದರೊಳಗೊಂದು ಕರಗಿಲ್ಲವಲ್ಲ ಎನ್ನಿಸಿತು. ದೇವರ ಎದುರು ಬಟಾಣಿಯ ನೆನಪು ಬಂದದ್ದಕ್ಕೆ ಕೆನ್ನೆ ಬಡಿದುಕೊಂಡೆ.

ಕುಸುಮ ರೋಗದ ದಾರಿ ಬಟಾಣಿಯದಕ್ಕಿಂತ ಸ್ವಲ್ಪ ಓರೆ. ಅದರ ದೋಷವಿರುವುದು ಎಕ್ಸ್ ಎಂಬ ವರ್ಣತಂತುವಿನಲ್ಲಿ. ಹೆಂಗಸರಿಗೆ ಇವು ಎರಡು. ಗಂಡಸರಿಗೆ ಒಂದೇ, ಅದೂ ತಾಯಿ ಕೊಟ್ಟದ್ದು. “ತಾಯಿಯಂತೆ ಮಗಳು, ನೂಲಿನಂತೆ ಸೀರೆ” ಎಂಬ ಗಾದೆ ಹತ್ತಿಗಿರಣಿಗಳಿಂದ ಹೆಸರಾದ ನಮ್ಮ ಊರಿನವರಿಗೆ ಬೇಗ ತಿಳಿದೀತು. ಎರಡೆಳೆಯ ನೂಲಿನಲ್ಲಿ ಒಂದೆಳೆ ಸವೆದಿದ್ದರೆ ಇನ್ನೊಂದು ತಡೆಯುತ್ತದೆ. ಮಗಳು ಸಾಮಾನ್ಯವಾಗಿ ಉಳಿದುಕೊಳ್ಳುತ್ತಾಳೆ. ಒಂಟಿ ಎಳೆಯ ಮಗ ಕಡಿಯುತ್ತಾನೆ. ಅಂಥ ತಾಯಿಯ ಪ್ರತಿ ಮಗನಿಗೂ ರೋಗ ಬರುವ ಸಂಭವ ಅರ್ಧ. ಪ್ರತಿ ಮಗಳೂ ಅದನ್ನು ಅಡಗಿಸಿಕೊಳ್ಳುವ ಸಂಭವ ಅರ್ಧ. ವಿಕ್ಟೋರಿಯಾ ರಾಣಿಯ ಹೆಣ್ಣುಮಕ್ಕಳ ಮೂಲಕ ಇದು ರಷ್ಯದ ಅರಮನೆಯನ್ನೂ ಹೊಕ್ಕಿತು. ಮನೆತನದಲ್ಲಿ ಹಿಂದೆಂದೂ ಇಲ್ಲದೆ ಹೊಸದಾಗಿ ಹುಟ್ಟುವುದೂ ಉಂಟು. ಸುಮಾರು ಮೂರರಲ್ಲಿ ಒಂದು ಪಾಲು ಹಾಗೆಯೇ.

ನಮ್ಮದು ಹೊಸದಲ್ಲ. ಅಮ್ಮನನ್ನು ಕೆದಕಿ ಕೇಳಿದಾಗ, ಹುಣಸೆಮರದಿಂದ ಬಿದ್ದು ಎಂಟನೆಯ ವಯಸ್ಸಿಗೆ ತೀರಿಕೊಂಡ ತಮ್ಮನೊಬ್ಬನಿದ್ದನೆಂದಳು. “ಬಿದ್ದದ್ದು ದೊಡ್ಡ ಎತ್ತರದಿಂದಲ್ಲಪ್ಪ” ಎಂದವಳು ಸುಮ್ಮನಾದಳು. ಅಂದರೆ ಅತ್ತೆಯ ಮಾತು ನಿಜವೇ; ಆದರೆ ಅವರು ಅದನ್ನು ಆಡಿದ್ದು ತಪ್ಪು ಹೊರಿಸಲು. ತಂಗಿ ಮಾಡಿದ್ದಾದರೂ ಏನು? ಅಮ್ಮನ ಎರಡು ಎಳೆಗಳಲ್ಲಿ ಗಟ್ಟಿಯಾದದ್ದು ನನಗೆ ಬಂತು, ಸವೆದದ್ದು ಅವಳಿಗೆ. ಚಿಮ್ಮಿದ ನಾಣ್ಯ ಬೇರೆ ಮಗ್ಗುಲಿಗೆ ಬಿದ್ದಿದ್ದರೆ ಅಮ್ಮ ಬೈಸಿಕೊಳ್ಳುತ್ತಿದ್ದಳು, ನಾನು ಕುಂಟುತ್ತಿದ್ದೆ. ಈ ಮಾತನ್ನು ತಂಗಿಗೆ ಹೇಳಲು ನನಗೆ ವರ್ಷಗಳೇ ಬೇಕಾದವು.

ಈಗ ಅವಳ ಹಿರಿಯ ಮಗಳಿಗೆ ವರ ನೋಡುತ್ತಿದ್ದಾರೆ. ಅವಳೂ ಎಳೆಯನ್ನು ಹೊತ್ತಿರಬಹುದು, ಇಲ್ಲದಿರಬಹುದು, ಪರೀಕ್ಷೆಯಿಂದ ತಿಳಿಯುತ್ತದೆ. ಹಿರಿಯರೆಲ್ಲ, “ಸುಮ್ಮನಿರಿ, ತಾಳಿ ಬೀಳಲಿ” ಎಂಬ ಪಕ್ಷ. ಹೋದ ವಾರ ಹುಡುಗಿ ಒಬ್ಬಳೇ ದಾವಣಗೆರೆಗೆ ಬಂದಳು. “ಮಾವ, ರಕ್ತ ಕೊಟ್ಟು ಬರೋಣ ನಡೀರಿ” ಎಂದಳು. ಕೊಟ್ಟುಬಂದೆವು. ಫಲಿತಾಂಶ ಇನ್ನೂ ಕೈಸೇರಿಲ್ಲ. ವರನ ಕಡೆಯವರು ಬರುವ ಭಾನುವಾರ ಬರುತ್ತಾರೆ. ಅವರಿಗೆ ವಿಷಯವನ್ನು ನೀನೇ ಹೇಳಣ್ಣ ಎಂದು ತಂಗಿ ಕೇಳಿಕೊಂಡಳು. ನಾನು ಹೂಂ ಎನ್ನುವಷ್ಟರಲ್ಲಿ ಹುಡುಗಿ, “ಬ್ಯಾಡ ಮಾವ, ನಾನೇ ಹೇಳ್ತೀನಿ” ಎಂದು ಒಳಗೆ ಹೋಗಿ ತಮ್ಮನ ಮೊಣಕಾಲಿಗೆ ಐಸು ಇಡತೊಡಗಿದಳು.